ಹಂಗಿಲ್ಲದ ಮದ್ದು

(ಬಸವನಗುಡಿಯ ಓದುಗರ ಬಳಗವೊಂದರಲ್ಲಿ ಭಾನುವಾರ ಬೆಳಿಗ್ಗೆ ಆಡಿದ ಮಾತು. ಧ್ವನಿಮುದ್ರಣ ಕೇಳಿಕೊಂಡು ನಾನೇ ಬರಹಕ್ಕಿಳಿಸಿದ್ದೇನೆ. ಸಭಿಕರ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನೆರೆಯ ದೇಶದವರಿಗೆ ಉಚಿತ ಚಿಕಿತ್ಸೆ ಕೊಡುವುದೂ ಒಂದು ಬಗೆಯ ರಾಜತಾಂತ್ರಿಕತೆಯೇ ಎಂಬ ವಿಷಯವನ್ನು ಬಳಗದವರು ಕೊಟ್ಟಾಗ ನನಗೆ ಸ್ವಲ್ಪ ಅಳುಕಾಯಿತು. ನಾನು ವಿದೇಶಾಂಗ ಸೇವೆಯಲ್ಲಿದ್ದವಳಲ್ಲ, ವೈದ್ಯಳೂ ಅಲ್ಲ. ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯ ಹೃದ್ರೋಗ ವಿಭಾಗದಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸಮಾಜ ಕಾರ್ಯಕರ್ತೆಯಾಗಿದ್ದೆ. ಬಿಲ್ಲು ಕಟ್ಟಲಾಗದವರ ಪರವಾಗಿ ದಾನಿಗಳಿಗೆ, ಟ್ರಸ್ಟುಗಳಿಗೆ ಪತ್ರ ಬರೆಯುವುದು, ಊರು ಗೊತ್ತಿಲ್ಲದವರಿಗೆ ಕೋಣೆ ಹುಡುಕಿಕೊಡುವುದು, ವೈದ್ಯರು ಹೇಳಿದ್ದನ್ನು ರೋಗಿಯ ಮನೆಯವರಿಗೆ ಮತ್ತೆ ನಿಧಾನವಾಗಿ ಹೇಳುವುದು ನನ್ನ ಕೆಲಸ. ಆದ್ದರಿಂದ ಈ ವಿಷಯವನ್ನು ವಾರ್ಡಿನ ಬಾಗಿಲಲ್ಲಿ ನಿಂತು ನೋಡಿದವಳಾಗಿ ಮಾತನಾಡುತ್ತೇನೆ.

ಬೆಂಗಳೂರಿನವರಿಗೆ ಈ ವಿಷಯ ಹೊಸದಲ್ಲ. 2003ರ ಜುಲೈ ನಿಮ್ಮಲ್ಲಿ ಅನೇಕರಿಗೆ ನೆನಪಿರಬೇಕು. 2001ರ ಡಿಸೆಂಬರಿನಲ್ಲಿ ನಮ್ಮ ಸಂಸತ್ತಿನ ಮೇಲೆ ದಾಳಿಯಾದ ಮೇಲೆ ಭಾರತ, ಪಾಕಿಸ್ತಾನ ಎರಡೂ ದೇಶಗಳ ಸೈನ್ಯ ತಿಂಗಳುಗಟ್ಟಲೆ ಗಡಿಯಲ್ಲಿ ಎದುರುಬದುರು ನಿಂತಿದ್ದವು. ದೆಹಲಿ–ಲಾಹೋರ್ ಬಸ್ಸು ನಿಂತುಹೋಗಿತ್ತು. ಅದು ಮತ್ತೆ ಹೊರಟಾಗ ಲಾಹೋರಿನಿಂದ ಎರಡೂವರೆ ವರ್ಷದ ಹೆಣ್ಣುಮಗುವೊಂದು ತಂದೆತಾಯಿಯೊಂದಿಗೆ ಬಂತು. ಹೃದಯದಲ್ಲಿ ರಂಧ್ರವಿದ್ದ ಮಗು. ಬೊಮ್ಮಸಂದ್ರದ ನಾರಾಯಣ ಹೃದಯಾಲಯದಲ್ಲಿ ಡಾ. ದೇವಿ ಶೆಟ್ಟಿಯವರ ತಂಡ ಶಸ್ತ್ರಚಿಕಿತ್ಸೆ ಮಾಡಿತು. ಆ ವಾರ ದೇಶದ ಮೂಲೆಮೂಲೆಯಿಂದ ಆಟಿಕೆ, ಹೂವು, ಹಾರೈಕೆಯ ಪತ್ರಗಳು ಬಂದವು. ಮಗುವಿನ ಹೆಸರು ಅಂದು ಎಲ್ಲರ ಬಾಯಲ್ಲೂ ಇತ್ತು. ಈಗ ಬೆಳೆದು ದೊಡ್ಡವಳಾಗಿರುವ ಹೆಣ್ಣುಮಗಳು ಅವಳು, ಆದ್ದರಿಂದ ನಾನು ಇಲ್ಲಿ ಹೆಸರು ಹೇಳುವುದಿಲ್ಲ.

ಅದೇ ವರ್ಷ ನವೆಂಬರಿನಲ್ಲಿ ಗಡಿ ನಿಯಂತ್ರಣ ರೇಖೆಯಲ್ಲಿ ಕದನವಿರಾಮ ಬಂತು. ಆ ಮಗುವಿನಿಂದಲೇ ಬಂತು ಎಂದರೆ ಅತಿಶಯೋಕ್ತಿ. ಆದರೆ ಎರಡು ವರ್ಷ ಹಲ್ಲು ಕಡಿಯುತ್ತಿದ್ದ ಜನ ಒಂದು ವಾರ ಒಂದೇ ಮಗುವಿನ ಉಸಿರಿಗಾಗಿ ಕಿವಿಗೊಟ್ಟು ಕುಳಿತರಲ್ಲ, ಆ ಬದಲಾವಣೆಯನ್ನು ಯಾವ ಜಂಟಿ ಹೇಳಿಕೆಯೂ ತರಲಾರದು. ಮುಂದೆ ಮಾತುಕತೆಗೆ ಕೂರುವವರಿಗೆ ಅಷ್ಟು ನೆಲ ಹದವಾಗಿ ಸಿಕ್ಕಿತು.

ಈ ಬಗೆಯ ಕೆಲಸಕ್ಕೆ ನಮ್ಮಲ್ಲಿ ಹಳೆಯ ಬೇರುಗಳಿವೆ. 1938ರಲ್ಲಿ, ಜಪಾನಿನ ದಾಳಿಗೆ ಸಿಕ್ಕ ಚೀನಾಕ್ಕೆ ಕಾಂಗ್ರೆಸ್ಸು ಐವರು ವೈದ್ಯರನ್ನು ಕಳಿಸಿತು. ನಮಗೇ ಇನ್ನೂ ಸ್ವಾತಂತ್ರ್ಯವಿರಲಿಲ್ಲ. ಅವರಲ್ಲಿ ಒಬ್ಬರು ದ್ವಾರಕಾನಾಥ ಕೋಟ್ನಿಸ್, ಸೊಲ್ಲಾಪುರದವರು. ಇವತ್ತಿಗೂ ಪೇಟೆಯಲ್ಲಿ ಕನ್ನಡ ಕೇಳಿಸುವ ಊರು ಅದು, ನಮ್ಮ ವಿಜಯಪುರದ ನೆರೆ. ಕೋಟ್ನಿಸ್ ಚೀನೀ ಭಾಷೆ ಕಲಿತರು, ಅಲ್ಲಿನ ದಾದಿಯೊಬ್ಬರನ್ನು ಮದುವೆಯಾದರು, ಹುಟ್ಟಿದ ಮಗನಿಗೆ ಭಾರತ ಮತ್ತು ಚೀನಾ ಎರಡರ ಹೆಸರೂ ಸೇರಿದ 'ಯಿನ್‌ಹುವಾ' ಎಂಬ ಹೆಸರಿಟ್ಟರು. 1942ರ ಡಿಸೆಂಬರಿನಲ್ಲಿ ಅಲ್ಲೇ ತೀರಿಕೊಂಡರು, ಮೂವತ್ತೆರಡರ ವಯಸ್ಸಿನಲ್ಲಿ. 1962ರ ಯುದ್ಧವಾಯಿತು, ಗಡಿಯ ಜಗಳ ಮುಗಿಯಲೇ ಇಲ್ಲ. ಆದರೂ ಚೀನಾದ ನಾಯಕರು ಭಾರತಕ್ಕೆ ಬಂದಾಗ ಕೋಟ್ನಿಸ್ ಅವರ ಮನೆಯವರನ್ನು ಕಾಣುವ ರೂಢಿ ಉಳಿದುಬಂತು. ಅಷ್ಟೆಲ್ಲ ಕಹಿಯ ನಡುವೆಯೂ ಎರಡು ದೇಶಗಳು ತಕರಾರಿಲ್ಲದೆ ಒಟ್ಟಿಗೆ ನೆನೆಯಬಹುದಾದ ಹೆಸರುಗಳು ಎಷ್ಟಿವೆ, ನೀವೇ ಹೇಳಿ.

1950ರಲ್ಲಿ ಕೊರಿಯಾ ಯುದ್ಧ ಶುರುವಾದಾಗ ಭಾರತ ಕಾದುವ ಪಡೆಯನ್ನು ಕಳಿಸಲಿಲ್ಲ, ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್ ನೇತೃತ್ವದಲ್ಲಿ 60ನೇ ಪ್ಯಾರಾ ಫೀಲ್ಡ್ ಆಂಬ್ಯುಲೆನ್ಸ್ ಎಂಬ ವೈದ್ಯಕೀಯ ಪಡೆಯನ್ನು ಕಳಿಸಿತು. ಅವರು ಸೈನಿಕರ ಜೊತೆಗೆ ಊರ ಜನರಿಗೂ ಚಿಕಿತ್ಸೆ ಕೊಟ್ಟರು. 1953ರಲ್ಲಿ ಯುದ್ಧಕೈದಿಗಳನ್ನು ಹಿಂದಿರುಗಿಸುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರು ಬೇಕಾದಾಗ ಆ ಹೊಣೆ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರ ಹೆಗಲಿಗೆ ಬಂತು. ಕೊಲ್ಲಲೆಂದು ಬಂದಿರದ ದೇಶ ಎಂಬ ಹೆಸರು ಆ ನಂಬಿಕೆಗೆ ನೆರವಾಯಿತು ಎಂದೇ ನನ್ನ ಎಣಿಕೆ. ಅದೇ 60ನೇ ಪಡೆ 2023ರ ಫೆಬ್ರುವರಿಯಲ್ಲಿ ತುರ್ಕಿಯ ಭೂಕಂಪದ ನಂತರ ಅಲ್ಲಿ ಆಸ್ಪತ್ರೆ ಹಾಕಿತು. ಆ ಹೊತ್ತಿನಲ್ಲಿ ತುರ್ಕಿಯೊಂದಿಗೆ ನಮ್ಮ ಸಂಬಂಧ ಹೇಳಿಕೊಳ್ಳುವಂತೇನೂ ಇರಲಿಲ್ಲ.

ಇದನ್ನು ಹೂವಿನ ಹಾದಿ ಎಂದು ಯಾರೂ ತಿಳಿಯಬಾರದು. ಕಾಬೂಲಿನಲ್ಲಿ ಭಾರತದ ವೈದ್ಯಕೀಯ ತಂಡ ವರ್ಷಗಟ್ಟಲೆ ಬಡವರಿಗೆ, ಹೆಚ್ಚಾಗಿ ಹೆಂಗಸರಿಗೂ ಮಕ್ಕಳಿಗೂ, ಉಚಿತವಾಗಿ ಔಷಧ ಕೊಡುತ್ತಿತ್ತು. 2010ರ ಫೆಬ್ರುವರಿ 26ರಂದು ಅವರು ತಂಗಿದ್ದ ಅತಿಥಿಗೃಹದ ಮೇಲೆ ದಾಳಿಯಾಯಿತು. ಸೇನಾ ವೈದ್ಯಕೀಯ ದಳದ ಮೇಜರ್ ಲೈಶ್ರಾಮ್ ಜ್ಯೋತಿನ್ ಸಿಂಗ್, ಮಣಿಪುರದವರು, ಕೈಯಲ್ಲಿ ಆಯುಧವಿಲ್ಲದೆ ಆತ್ಮಾಹುತಿ ದಾಳಿಕೋರನನ್ನು ಬರಿಗೈಯಲ್ಲಿ ತಡೆದು ಹಿಡಿದರು. ಅವರಿಗೆ ಮರಣೋತ್ತರವಾಗಿ ಅಶೋಕ ಚಕ್ರ ಬಂತು. ಉಚಿತ ಚಿಕಿತ್ಸೆ ಎಂದಾಗಲೆಲ್ಲ ನನಗೆ ಅವರ ನೆನಪಾಗುತ್ತದೆ. ಪಡೆಯುವವನಿಗೆ ಅದು ಉಚಿತ. ಕೊಡುವ ಕಡೆಯಲ್ಲಿ ಯಾರೋ ಒಬ್ಬರು ಅದರ ಬೆಲೆ ತೆತ್ತಿರುತ್ತಾರೆ.

ಈಗ ನನ್ನ ಕಣ್ಣಿಗೆ ಬಿದ್ದದ್ದನ್ನು ಹೇಳುತ್ತೇನೆ.

2017ರ ಮಳೆಗಾಲ. ಬಾಂಗ್ಲಾದೇಶದ ಹಳ್ಳಿಯೊಂದರಿಂದ ತಂದೆ, ಮಗಳು ಬಂದರು. ತಂದೆ ಸೈಕಲ್ ಗಾಡಿಯಲ್ಲಿ ಸಾಮಾನು ಸಾಗಿಸುವವರು. ಮಗಳಿಗೆ ಹದಿನಾಲ್ಕು. ಚಿಕ್ಕಂದಿನಲ್ಲಿ ಗಂಟಲು ನೋವು, ಕೀಲು ನೋವು ಬಂದು ಹೋಗಿತ್ತಂತೆ. ಅದು ಸಂಧಿವಾತದ ಜ್ವರ. ಬಡವರ ಮನೆಯಲ್ಲಿ ಅದನ್ನು ಯಾರೂ ಗುರುತಿಸುವುದಿಲ್ಲ, ಅದು ಸದ್ದಿಲ್ಲದೆ ಹೃದಯದ ಕವಾಟವನ್ನು ತಿಂದು ಹಾಕುತ್ತದೆ. ನಮ್ಮ ರಾಯಚೂರು, ಯಾದಗಿರಿ ಕಡೆಯಿಂದಲೂ ಇದೇ ರೋಗ ಹೊತ್ತ ಮಕ್ಕಳು ಬರುತ್ತಿದ್ದರು. ಹತ್ತು ಮೆಟ್ಟಿಲು ಹತ್ತಿದರೆ ಹುಡುಗಿ ಏದುಸಿರು ಬಿಡುತ್ತಿದ್ದಳು. ಒಂದು ಟ್ರಸ್ಟು ಶಸ್ತ್ರಚಿಕಿತ್ಸೆಯ ಪೂರ್ತಿ ವೆಚ್ಚ ವಹಿಸಿಕೊಂಡಿತು. ಕೆಟ್ಟ ಕವಾಟ ತೆಗೆದು ಲೋಹದ ಕವಾಟ ಹಾಕಿದರು.

ಆಸ್ಪತ್ರೆಯ ಹಿಂದಿನ ಬೀದಿಯ ಅಂಗಡಿಗಳಲ್ಲಿ ಬಂಗಾಳಿ ಫಲಕಗಳಿವೆ. ಅಲ್ಲಿ ದಿನದ ಬಾಡಿಗೆಗೆ ಕೋಣೆ, ಜೊತೆಗೆ ಒಂದು ಒಲೆ ಗ್ಯಾಸು, ಎರಡು ಪಾತ್ರೆ ಸಿಗುತ್ತವೆ. ಆ ತಂದೆಗೆ ಅಡುಗೆ ಬಾರದು. ಮನೆಯೊಡತಿ ಮಾಲೂರು ಕಡೆಯ ಹೆಂಗಸು, ಗಂಜಿ ಕಾಯಿಸುವುದನ್ನು ಹೇಳಿಕೊಟ್ಟರು. ಒಬ್ಬರ ಮಾತು ಇನ್ನೊಬ್ಬರಿಗೆ ಬಾರದು. "ಸಣ್ಣ ಉರಿ, ಸಣ್ಣ ಉರಿ" ಎಂದು ಆಕೆ ಕೈಯಲ್ಲಿ ತೋರಿಸುತ್ತಿದ್ದರೆ ಆತ ಅದನ್ನೇ ಪಾಠದ ಹಾಗೆ ಹೇಳಿಕೊಳ್ಳುತ್ತಿದ್ದರು. ಊರಿಗೆ ಹೊರಡುವ ಹೊತ್ತಿಗೆ ಅವರಿಗೆ ಬರುತ್ತಿದ್ದ ಕನ್ನಡ ಅದೊಂದೇ. ನನ್ನನ್ನು ಅವರು 'ಆಪಾ' ಎನ್ನುತ್ತಿದ್ದರು, ಅಕ್ಕ ಎಂದು.

ಲೋಹದ ಕವಾಟ ಹಾಕಿಸಿಕೊಂಡವರ ಬದುಕು ಶಸ್ತ್ರಚಿಕಿತ್ಸೆಯ ದಿನ ಮುಗಿಯುವ ಕಥೆಯಲ್ಲ. ಕವಾಟದ ಮೇಲೆ ರಕ್ತ ಹೆಪ್ಪುಗಟ್ಟದಂತೆ ದಿನವೂ ಒಂದು ಮಾತ್ರೆ ನುಂಗಬೇಕು, ಸಾಯುವವರೆಗೆ. ಮಾತ್ರೆ ಕಡಿಮೆಯಾದರೆ ಕವಾಟ ಕಟ್ಟಿಕೊಳ್ಳುತ್ತದೆ, ಹೆಚ್ಚಾದರೆ ಎಲ್ಲೆಂದರಲ್ಲಿ ರಕ್ತ ಸೋರುತ್ತದೆ. ಅದಕ್ಕೆ ತಿಂಗಳಿಗೊಮ್ಮೆಯಾದರೂ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆಯುವ ಐಎನ್‌ಆರ್ ಎಂಬ ರಕ್ತಪರೀಕ್ಷೆ ಮಾಡಿಸಿ ಮಾತ್ರೆಯ ಅಳತೆ ತಿದ್ದಬೇಕು. ಈ ಹುಡುಗಿಗೆ ಆ ಅಂಕಿ ಎರಡೂವರೆಯಿಂದ ಮೂರೂವರೆಯೊಳಗೆ ಇರಬೇಕೆಂದು ವೈದ್ಯರು ಗೆರೆ ಹಾಕಿದರು. ನಾನು ಒಂದು ನೋಟುಪುಸ್ತಕದಲ್ಲಿ ಮನೆ ಮನೆ ಹಾಕಿ ತಾರೀಖು, ಅಂಕಿ, ಮಾತ್ರೆ ಎಂದು ಬರೆದೆ. ಕೆಳಗಿನ ಅಂಗಡಿಯ ಹುಡುಗ ಅದನ್ನೆಲ್ಲ ಬಂಗಾಳಿಯಲ್ಲಿ ಬರೆದುಕೊಟ್ಟ. ಅಂದಿನಿಂದ ಪ್ರತಿ ತಿಂಗಳೂ ಆ ತಂದೆ ಪರೀಕ್ಷೆಯ ಚೀಟಿಯ ಚಿತ್ರವನ್ನು ಮೊಬೈಲಿಗೆ ಕಳಿಸುತ್ತಾರೆ. ನಾನು ವೈದ್ಯರಿಗೆ ತೋರಿಸಿ ಉತ್ತರ ಬರೆಯುತ್ತೇನೆ. ನಿವೃತ್ತಳಾದ ಮೇಲೂ ಆ ಕೆಲಸ ನಿಂತಿಲ್ಲ.

ಇವತ್ತು ನಾನು ಹೇಳಬೇಕೆಂದು ಬಂದ ಮಾತು ಈ ನೋಟುಪುಸ್ತಕದಲ್ಲೇ ಇದೆ. ಶಸ್ತ್ರಚಿಕಿತ್ಸೆಯ ದಿನ ಎಲ್ಲರೂ ಇರುತ್ತಾರೆ. ಹೂಗುಚ್ಛ, ಕ್ಯಾಮೆರಾ, ರಾಯಭಾರ ಕಚೇರಿಯ ಶುಭಾಶಯ. ನಲವತ್ತನೇ ತಿಂಗಳ ರಕ್ತಪರೀಕ್ಷೆಗೆ ಯಾರೂ ಇರುವುದಿಲ್ಲ. ಒಂದು ದೇಶ ನಿಜಕ್ಕೂ ಸ್ನೇಹ ತೋರಿಸಿತೋ ಇಲ್ಲವೋ ಎಂಬುದು ಗೊತ್ತಾಗುವುದು ಆ ನಲವತ್ತನೇ ತಿಂಗಳಲ್ಲಿ.

ಕೋವಿಡ್ ಲಸಿಕೆಯ ಪ್ರಕರಣವನ್ನೇ ನೋಡಿ. 2021ರ ಜನವರಿ 20ರಂದು 'ಲಸಿಕೆ ಮೈತ್ರಿ' ಎಂಬ ಹೆಸರಿನಲ್ಲಿ ಭಾರತ ಮೊದಲು ಭೂತಾನ್ ಮತ್ತು ಮಾಲ್ಡೀವ್ಸ್‌ಗೆ, ಆಮೇಲೆ ನೇಪಾಳ, ಬಾಂಗ್ಲಾದೇಶಗಳಿಗೆ ಲಸಿಕೆಯನ್ನು ಉಡುಗೊರೆಯಾಗಿ ಕಳಿಸಿತು. ಶ್ರೀಮಂತ ದೇಶಗಳು ಬಾಚಿ ಬಚ್ಚಿಟ್ಟುಕೊಳ್ಳುತ್ತಿದ್ದ ಹೊತ್ತು ಅದು. ನನಗೆ ಹೆಮ್ಮೆಯಿಂದ ಕಣ್ಣು ತುಂಬಿತ್ತು. ಭೂತಾನ್ ನಮ್ಮ ಲಸಿಕೆಯನ್ನು ಜೋಪಾನವಾಗಿ ಕೂಡಿಟ್ಟು ಮಾರ್ಚ್ ಕೊನೆಯಲ್ಲಿ ಶುರುಮಾಡಿ ಎರಡೇ ವಾರದೊಳಗೆ ತನ್ನ ವಯಸ್ಕರಲ್ಲಿ ಬಹುಪಾಲು ಎಲ್ಲರಿಗೂ ಮೊದಲ ಡೋಸು ಹಾಕಿಸಿಬಿಟ್ಟಿತು. ಅಷ್ಟರಲ್ಲಿ ನಮ್ಮಲ್ಲಿ ಎರಡನೇ ಅಲೆ ಎದ್ದಿತು, ರಫ್ತು ನಿಂತಿತು. ಭೂತಾನಿಗೆ ಎರಡನೇ ಡೋಸು ಜುಲೈನಲ್ಲಿ ಅಮೆರಿಕ, ಡೆನ್ಮಾರ್ಕ್‌ಗಳಿಂದ ಬಂತು. ನೇಪಾಳದಲ್ಲಿ ಮೊದಲ ಡೋಸು ಪಡೆದ ಲಕ್ಷಾಂತರ ಹಿರಿಯರು ಎರಡನೆಯದಕ್ಕಾಗಿ ತಿಂಗಳುಗಟ್ಟಲೆ ಕಾದರು.

ಆ ನಿರ್ಧಾರ ತಪ್ಪೆಂದು ನಾನು ಹೇಳುವುದಿಲ್ಲ. 2021ರ ಮೇ ತಿಂಗಳ ಬೆಂಗಳೂರನ್ನು ಕಂಡವರಾರೂ ಹಾಗೆ ಹೇಳಲಾರರು. ಹಾಸಿಗೆಗಾಗಿ ಅಲೆದವರಲ್ಲಿ ನಾನೂ ಒಬ್ಬಳು, ನನ್ನ ಯಜಮಾನರನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು. ಎರಡು ಡೋಸಿನ ಲಸಿಕೆಯಲ್ಲಿ ಒಂದನ್ನು ಕೊಟ್ಟಮೇಲೆ ಎರಡನೆಯದು ನಾವು ಕೊಡಬೇಕಾದ ಬಾಕಿ. ಮೊದಲನೆಯದನ್ನು ಕಳಿಸುವ ದಿನವೇ ಎರಡನೆಯದನ್ನು ಬದಿಗೆ ತೆಗೆದಿಟ್ಟಿರಬೇಕಿತ್ತು, ಅದರಿಂದ ದೇಶಗಳ ಪಟ್ಟಿ ಚಿಕ್ಕದಾಗಿದ್ದರೂ ಸರಿ. ನನ್ನ ತಕರಾರು ಇಷ್ಟೇ.

ಅದೇ ಮೇ ತಿಂಗಳಲ್ಲಿ ಬಾಂಗ್ಲಾದೇಶ ಕೋವಿಡ್ ರೋಗಿಗಳಿಗೆ ಕೊಡುತ್ತಿದ್ದ ರೆಮ್‌ಡೆಸಿವಿರ್ ಔಷಧದ ಹತ್ತು ಸಾವಿರ ಸೀಸೆಗಳನ್ನು ನಮಗೆ ಕಳಿಸಿತು. ಅದಕ್ಕೂ ಸ್ವಲ್ಪ ಮುಂಚೆ, ಏಪ್ರಿಲ್ ಕೊನೆಯಲ್ಲಿ, ಪುಟ್ಟ ಭೂತಾನ್ ಅಸ್ಸಾಮಿಗೆ ಆಮ್ಲಜನಕ ಕೊಡುತ್ತೇನೆಂದಿತು. ಸೈಕಲ್ ಗಾಡಿಯ ಆ ತಂದೆ ದಿನಾ ಸಂಜೆ ಫೋನು ಮಾಡಿ, "ಆಪಾ, ಹಾಸಿಗೆ ಸಿಕ್ಕಿತೆ?" ಎಂದು ಕೇಳುತ್ತಿದ್ದರು. ಮೂರನೇ ದಿನ ಸಿಕ್ಕಿತು ಎಂದಾಗ ಆ ಕಡೆಯಿಂದ ಮಾತೇ ಬರಲಿಲ್ಲ, ಅಳುವುದು ಮಾತ್ರ ಕೇಳಿಸಿತು.

ಕನ್ನಡದಲ್ಲಿ ಋಣ ಎಂಬ ಮಾತೂ ಇದೆ, ಹಂಗು ಎಂಬ ಮಾತೂ ಇದೆ. ಋಣವನ್ನು ಪಡೆದವನು ತಾನಾಗಿ ನೆನೆಯುತ್ತಾನೆ. ಹಂಗನ್ನು ಕೊಟ್ಟವನು ನೆನಪಿಸುತ್ತಲೇ ಇರುತ್ತಾನೆ. ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿ ಹೆಸರು ಬರೆದು ಕಳಿಸಿ, ವಿಶ್ವಸಂಸ್ಥೆಯಲ್ಲಿ ಮತ ಬೇಕಾದಾಗ, ಹಡಗಿಗೆ ಬಂದರು ಬೇಕಾದಾಗ ಅದನ್ನು ಎತ್ತಿ ಆಡಿದರೆ ಮದ್ದು ಹಂಗಾಗುತ್ತದೆ, ಕುಡಿದವನಿಗೆ ಕಹಿಯಾಗುತ್ತದೆ. ಕ್ಯೂಬಾ ದೇಶದ ಕಥೆಯಲ್ಲಿ ಎರಡೂ ಇವೆ. 2005ರ ಅಕ್ಟೋಬರಿನಲ್ಲಿ ಪಾಕಿಸ್ತಾನದಲ್ಲಿ ಭೂಕಂಪವಾದಾಗ, ಇಸ್ಲಾಮಾಬಾದಿನಲ್ಲಿ ಒಂದು ರಾಯಭಾರ ಕಚೇರಿಯೂ ಇರದ ಕ್ಯೂಬಾ ಎರಡು ಸಾವಿರಕ್ಕೂ ಹೆಚ್ಚು ವೈದ್ಯರು, ಸಿಬ್ಬಂದಿಯನ್ನು ಕಳಿಸಿತು. ಅವರು ಹಿಮದ ಚಳಿಯಲ್ಲಿ ಡೇರೆ ಹಾಕಿಕೊಂಡು ತಿಂಗಳುಗಟ್ಟಲೆ ಉಳಿದರು. ಹೋಗುವಾಗ ಮೂವತ್ತೆರಡು ಡೇರೆ ಆಸ್ಪತ್ರೆಗಳನ್ನು ಅಲ್ಲೇ ಬಿಟ್ಟರು. ಬಡ ಮಕ್ಕಳಿಗೆ ತನ್ನಲ್ಲಿ ಉಚಿತವಾಗಿ ವೈದ್ಯಕೀಯ ಕಲಿಸಲೂ ಕ್ಯೂಬಾ ಒಪ್ಪಿತು. ಅದೇ ಕ್ಯೂಬಾ ವೆನೆಜುವೆಲಾಕ್ಕೆ ವೈದ್ಯರನ್ನು ಕಳಿಸಿ ಎಣ್ಣೆ ಪಡೆಯಿತು. ಹೊರದೇಶಗಳಲ್ಲಿ ದುಡಿದ ಆ ವೈದ್ಯರ ಸಂಬಳದ ಬಹುಭಾಗವನ್ನು ಸರ್ಕಾರವೇ ಇಟ್ಟುಕೊಂಡಿತು ಎಂಬ ದೂರು ಇವತ್ತಿಗೂ ಇದೆ. ವೈದ್ಯರ ಬೆವರಿನಿಂದ ಬಂದ ಹೆಸರನ್ನು ಸರ್ಕಾರ ಉಟ್ಟುಕೊಂಡು ತಿರುಗುವುದು ನನಗೆ ಸರಿಕಾಣುವುದಿಲ್ಲ.

"ಮನೆಗೆ ಮಾರಿ, ಊರಿಗೆ ಉಪಕಾರಿ ಆಗಬೇಕೇ?" ಎಂದು ಈಗಷ್ಟೇ ಹಿಂದಿನ ಸಾಲಿನ ಹಿರಿಯರೊಬ್ಬರು ಕೇಳಿದರು. ಕೇಳಲೇಬೇಕಾದ ಪ್ರಶ್ನೆ. ನಮ್ಮ ನಗರದ ದೊಡ್ಡ ಸರ್ಕಾರಿ ಆಸ್ಪತ್ರೆಗಳ ಕಾಂಪೌಂಡಿನಾಚೆ ಪಾದಚಾರಿ ದಾರಿಯಲ್ಲಿ ಚಾಪೆ ಹಾಸಿ ಮಲಗುವ ಕಲಬುರಗಿ, ಕೊಪ್ಪಳದ ಜನರನ್ನು ನಾನು ದಿನಾ ಕಂಡಿದ್ದೇನೆ. ಅವರ ತಟ್ಟೆಯಿಂದ ತೆಗೆದು ಹೊರಗಿನವರಿಗೆ ಬಡಿಸಬೇಕು ಎಂದು ನಾನೆಂದೂ ಹೇಳಲಾರೆ.

ಆದರೆ ನಡೆದದ್ದನ್ನು ಗಮನಿಸಿ. 2002ರಲ್ಲಿ ಇಸ್ರೋ ತನ್ನ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು, ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನು ಬೆಂಗಳೂರಿನ ಹೃದ್ರೋಗ ತಜ್ಞರಿಗೆ ಜೋಡಿಸಿತು. ಎದೆನೋವೆಂದು ಬಂದ ರೈತನ ಇಸಿಜಿಯನ್ನು ಇಲ್ಲಿಂದಲೇ ನೋಡಿ ಸಲಹೆ ಕೊಡುವ ಏರ್ಪಾಡು. ದೂರದ ಆಸ್ಪತ್ರೆಯನ್ನು ಹೀಗೆ ಜೋಡಿಸುವ ಅದೇ ಬಗೆ 2009ರಲ್ಲಿ ಆಫ್ರಿಕಾಕ್ಕೆ ಹೋಯಿತು. ರಾಷ್ಟ್ರಪತಿಯಾಗಿದ್ದ ಅಬ್ದುಲ್ ಕಲಾಂ ಅವರ ಕಲ್ಪನೆಯಂತೆ ಅಲ್ಲಿನ ಆಸ್ಪತ್ರೆಗಳು ಭಾರತದ ಹನ್ನೆರಡು ದೊಡ್ಡ ಆಸ್ಪತ್ರೆಗಳೊಂದಿಗೆ ಸೇರಿದವು. ನಾವು 108 ಒತ್ತಿದರೆ ಬರುವ ಆಂಬ್ಯುಲೆನ್ಸ್ ಕರ್ನಾಟಕದಲ್ಲಿ 2008ರಲ್ಲಿ ಶುರುವಾದದ್ದು. ಅದೇ ಮಾದರಿಯನ್ನು ಭಾರತ 2016ರಲ್ಲಿ ಶ್ರೀಲಂಕಾಕ್ಕೆ ಕೊಟ್ಟಿತು. ಅಲ್ಲಿ 1990 ಒತ್ತಬೇಕು, ಹೆಸರು 'ಸುವ ಸೆರಿಯ'. ಎರಡು ಪ್ರಾಂತ್ಯಗಳಲ್ಲಿ 88 ವಾಹನಗಳಿಂದ ಆರಂಭವಾಗಿ 297ಕ್ಕೆ ಬೆಳೆದು ಇಡೀ ದ್ವೀಪಕ್ಕೆ ಹಬ್ಬಿತು. ಓಡಿಸುವವರು, ಶುಶ್ರೂಷೆ ಮಾಡುವವರು ಎಲ್ಲ ಅಲ್ಲಿಯವರೇ. ನಮ್ಮ ಬಡವರಿಗಾಗಿ ಮಾಡಿ, ಬಳಸಿ, ತಿದ್ದಿ ಗಟ್ಟಿಯಾದದ್ದೇ ಹೊರಗೆ ಹೋಗಿ ನಿಂತಿದೆ. ಮನೆಯಲ್ಲಿ ಬೇಯದ ಅಡುಗೆಯನ್ನು ಪಕ್ಕದ ಮನೆಗೆ ಕೊಡಲಾಗುವುದಿಲ್ಲ. ಕೊಪ್ಪಳದ ಆಸ್ಪತ್ರೆ ಚೆನ್ನಾಗಿರಲಿ ಎಂದು ಹಟ ಹಿಡಿಯುವವರೂ ನೆರೆಯವರಿಗೆ ಕೊಡೋಣ ಎನ್ನುವವರೂ ಒಂದೇ ಪಕ್ಷದವರು ಎಂದು ನಾನು ತಿಳಿದಿದ್ದೇನೆ.

ಕೊನೆಗೆ ವೀಸಾದ ವಿಷಯ. ಕೆಲವರಿಗೆ ನನ್ನ ಮಾತು ಹಿಡಿಸದಿರಬಹುದು, ಆದರೂ ಹೇಳುತ್ತೇನೆ.

2025ರ ಏಪ್ರಿಲ್‌ನಲ್ಲಿ ಪಹಲ್ಗಾಮಿನಲ್ಲಿ ಪ್ರವಾಸಿಗರ ಕೊಲೆಯಾಯಿತು. ನಮ್ಮ ಶಿವಮೊಗ್ಗದ, ಬೆಂಗಳೂರಿನ ಮನೆಗಳಿಗೂ ಹೆಣ ಬಂತು. ಅದಾದ ಮೇಲೆ ಪಾಕಿಸ್ತಾನೀಯರ ವೀಸಾಗಳು ರದ್ದಾದವು, ವೈದ್ಯಕೀಯ ವೀಸಾಗಳಿಗೂ ಏಪ್ರಿಲ್ 29ರ ಗಡುವು ಬಿತ್ತು. ಕೊಂದವರಿಗೆ ಶಿಕ್ಷೆಯಾಗಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಹಾಸಿಗೆಯಲ್ಲಿ ಮಲಗಿರುವ ಮಗುವಿನ ಪ್ರವೇಶಪತ್ರಕ್ಕೂ ಆ ಕೊಲೆಗೂ ನಂಟಿಲ್ಲ. ಚಿಕಿತ್ಸೆ ಅರ್ಧಕ್ಕೆ ಬಂದವರನ್ನು ಆ ಗಡುವಿನಿಂದ ಹೊರಗಿಡಬಹುದಿತ್ತು. ಬಾಂಗ್ಲಾದೇಶದ ವಿಷಯದಲ್ಲೂ 2024ರ ಆಗಸ್ಟಿನಲ್ಲಿ ಅಲ್ಲಿ ಸರ್ಕಾರ ಉರುಳಿದ ಮೇಲೆ ವೀಸಾಗಳು ತೀರಾ ಕಡಿಮೆಯಾದವು. 2025ರ ಮಾರ್ಚ್‌ನಲ್ಲಿ ಅಲ್ಲಿನ ರೋಗಿಗಳ ಮೊದಲ ತಂಡ ಚೀನಾದ ಕುನ್‌ಮಿಂಗ್ ನಗರಕ್ಕೆ ಚಿಕಿತ್ಸೆಗೆ ಹೋಯಿತು. ನಾವು ಮುಚ್ಚಿದ ಬಾಗಿಲ ಪಕ್ಕದಲ್ಲೇ ಇನ್ನೊಬ್ಬರು ಬಾಗಿಲು ತೆರೆದರು. ರಾಜತಾಂತ್ರಿಕತೆಯ ಲೆಕ್ಕದಲ್ಲೇ ನೋಡುವವರಿಗೂ ಇದು ನಷ್ಟವೇ.

ಶಾಂತಿನಗರ ಬಸ್ ನಿಲ್ದಾಣದ ಕಟ್ಟಡದಲ್ಲಿ ವಿದೇಶಿಯರ ನೋಂದಣಿ ಕಚೇರಿ ಇದೆ. ಎಷ್ಟೋ ಮನೆಯವರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೇನೆ. ಸಾಲಿನಲ್ಲಿ ಕುಳಿತವರ ಮಡಿಲಲ್ಲಿ ಪ್ಲಾಸ್ಟಿಕ್ ಚೀಲ, ಅದರಲ್ಲಿ ಪಾಸ್‌ಪೋರ್ಟು, ಆಸ್ಪತ್ರೆಯ ಪತ್ರ, ಎಕ್ಸ್‌ರೇ. ಯಾವ ದೇಶದವರೇ ಆಗಲಿ ಆ ಚೀಲವನ್ನು ಹಿಡಿದುಕೊಳ್ಳುವ ರೀತಿ ಒಂದೇ, ಎರಡೂ ಕೈಯಲ್ಲಿ. ಆ ಚೀಲದಲ್ಲಿರುವ ಒಂದು ಕಾಗದಕ್ಕಾದರೂ ದೇಶಗಳ ಮುನಿಸು ತಟ್ಟಬಾರದು ಎಂಬ ಕಟ್ಟುಪಾಡು ಇರಲಿ. ವೈದ್ಯಕೀಯ ವೀಸಾವನ್ನು ಜಗಳದಲ್ಲಿ ಮುಟ್ಟಬಾರದ ವಸ್ತುವಾಗಿ ಬರೆದಿಡಲಿ. ಹಾಗೆ ಮಾಡಲು ಆಸ್ಪತ್ರೆ ಕಟ್ಟಬೇಕಾಗಿಲ್ಲ, ಅನುದಾನ ಬೇಕಾಗಿಲ್ಲ.

ಲೋಹದ ಕವಾಟದ ನನ್ನ ಆ ಹುಡುಗಿಗೆ ಈಗ ಇಪ್ಪತ್ತೆರಡು ದಾಟಿದೆ. ಮದುವೆಯ ಮಾತು ನಡೆಯುತ್ತಿದೆಯಂತೆ. ಅವಳು ನುಂಗುವ ಮಾತ್ರೆ ಬಸಿರಿನ ಮೊದಲ ತಿಂಗಳುಗಳಲ್ಲಿ ಮಗುವಿಗೆ ಕೇಡು ಮಾಡಬಲ್ಲದು, ಅಷ್ಟು ಕಾಲ ಚುಚ್ಚುಮದ್ದಿಗೆ ಬದಲಿಸಬೇಕು, ಅದಕ್ಕೆ ಮುಂಚೆ ಕವಾಟ ಹೇಗಿದೆಯೆಂದು ಒಮ್ಮೆ ಕಣ್ಣಾರೆ ನೋಡಬೇಕು ಎಂದು ವೈದ್ಯರು ಪತ್ರ ಕೊಟ್ಟಿದ್ದಾರೆ. ಆ ಪತ್ರ ಹಿಡಿದು ತಂದೆ ಎರಡು ಸಲ ವೀಸಾಕ್ಕೆ ಅರ್ಜಿ ಹಾಕಿದ್ದಾರೆ, ಇನ್ನೂ ಬಂದಿಲ್ಲ. ಹೋದ ವಾರ ಬಂದ ಚೀಟಿಯಲ್ಲಿ ಅಂಕಿ 2.8 ಇತ್ತು. ಇದೇ ಮಾತ್ರೆ ಮುಂದುವರಿಸಲಿ ಎಂದರು ವೈದ್ಯರು. ನಾನು ಅದನ್ನು ಬಂಗಾಳಿಯಲ್ಲಿ ಬರೆದು ಕಳಿಸಿದೆ. ಅಷ್ಟು ಬಂಗಾಳಿ ಈಗ ನನಗೆ ಬರುತ್ತದೆ.